ರಾಹುಕಾಲದ ಬ್ಯಾಕಪ್ಪು

ಮನುಕುಲದ ಇತಿಹಾಸದಲ್ಲಿ ಘನವಾದ ಪ್ರಶ್ನೆಗಳು ಬೇಕಾದಷ್ಟು ಎದ್ದಿವೆ. ಆದರೆ ಗದಗಿನ ಗುರುತಿನ ಕೇಂದ್ರದ ಸಭೆಯಲ್ಲಿ ಎದ್ದ ಪ್ರಶ್ನೆಯ ಮುಂದೆ ಅವೆಲ್ಲ ಪುಟಗೋಸಿಯಂಥವು: ಡೇಟಾಬೇಸ್ ಸರ್ವರಿನ ಬ್ಯಾಕಪ್ಪು ತೆಗೆಯುವುದು ಶುಭಕಾರ್ಯವೋ, ಅಲ್ಲವೋ? ಯುದ್ಧ ಯಾವಾಗ ಸಾರಬೇಕು, ರಾಜಧಾನಿ ಎಲ್ಲಿ ಕಟ್ಟಬೇಕು ಎಂಬ ಸಣ್ಣಪುಟ್ಟ ಸಂಗತಿಗಳನ್ನು ಹಿಂದಿನವರು ಒಂದು ಮಧ್ಯಾಹ್ನದಲ್ಲಿ ಮುಗಿಸಿ ಊಟಕ್ಕೆ ಎದ್ದದ್ದುಂಟು. ಇದಕ್ಕೆ ಮೂರು ಸಭೆ, ಎರಡು ಬುಟ್ಟಿ ಮಿರ್ಚಿ ಭಜಿ ಮತ್ತು ಒಬ್ಬ ಜೋಯಿಸರು ಬೇಕಾದರು.

ಪ್ರಶ್ನೆ ಹುಟ್ಟಿದ್ದು ಒಂದು ಖಾಲಿ ಚೌಕದಿಂದ. ಕೇಂದ್ರದ ಡೇಟಾಬೇಸ್ ಇಂಜಿನಿಯರ್ ಮಹಾನಂದಾ ಕೊಣ್ಣೂರ ಬ್ಯಾಕಪ್ ಆಯ್ಕೆಗಳ ಪುಟವನ್ನು ಗೋಡೆಯ ಮೇಲೆ ಮೂಡಿಸಿ ವಿವರಿಸುತ್ತಿದ್ದಳು. ವಾರಕ್ಕೊಮ್ಮೆ ಇಡೀ ಡೇಟಾಬೇಸಿನ ಪ್ರತಿ. ದಿನಾ ನಸುಕಿನಲ್ಲಿ, ಆ ವಾರದ ಪ್ರತಿಯಿಂದೀಚೆಗೆ ಬದಲಾದಷ್ಟರದು. ಇವೆರಡರ ನಡುವೆ ಕಾಲು ತಾಸಿಗೊಮ್ಮೆ ಲಾಗಿನ ಪ್ರತಿ. ಲಾಗ್ ಎಂದರೆ ಯಾರು ಯಾವಾಗ ಏನು ಬರೆಸಿದರು, ಏನು ಅಳಿಸಿದರು ಎಂಬುದನ್ನು ಬಂದ ಬಂದ ಕ್ರಮದಲ್ಲೇ ಗುರುತು ಹಾಕಿಕೊಳ್ಳುವ ಜಾಗ. ಬೀದಿಯಲ್ಲಿ ನಡೆದದ್ದನ್ನೆಲ್ಲ ಕಟ್ಟೆಯ ಮೇಲೆ ಕೂತು ನೋಡುವ ಮುದುಕಿಯ ಹಾಗೆ. ಅರ್ಥ ಕೇಳಬೇಡಿ, ಅನುಕ್ರಮ ಕೇಳಿ. ಕೊನೆಯಲ್ಲಿ ‘ಹೊರಗಿಡಬೇಕಾದ ಸಮಯ' ಎಂಬ ಚೌಕವಿತ್ತು. ಅದರಲ್ಲಿ ಏನೂ ಬರೆದಿರಲಿಲ್ಲ.

ಕೇಂದ್ರದ ನಿರ್ದೇಶಕ ಅಂದಾನಪ್ಪ ಜಕ್ಕಲಿಯವರು ಖಾಲಿ ಚೌಕ ಕಂಡರೆ ಸುಮ್ಮನಿರುವವರಲ್ಲ. ರಾಹುಕಾಲದಲ್ಲೂ ಬ್ಯಾಕಪ್ಪು ನಡೆಯುತ್ತದೆಯೇ ಎಂದು ಕೇಳಿದರು. ನಡೆಯುತ್ತದೆ ಎಂದಳು ಮಹಾನಂದಾ. ಮೊದಲನೆಯ ಪರೀಕ್ಷಾ ಬ್ಯಾಕಪ್ಪು ಕೆಟ್ಟದ್ದು ಯಾವ ಹೊತ್ತಿನಲ್ಲಿ ಎಂದು ಅವರು ನೆನಪಿಸಿದರು. ಅದು ಕೆಟ್ಟದ್ದು ಡಿಸ್ಕು ತುಂಬಿದ್ದರಿಂದ ಎಂದು ಅವಳು ತಿದ್ದಿದಳು.

“ಅದನ್ನ ನಾನೂ ಹೇಳೂದು,” ಎಂದರು ಅಂದಾನಪ್ಪ. “ಡಿಸ್ಕು ತುಂಬಿದ್ದು ಯಾವಾಗ?”

ಸಭೆ ಎರಡು ಪಂಗಡವಾಯಿತು. ಬ್ಯಾಕಪ್ಪು ಎಂದರೆ ಮರಣಪತ್ರ ಬರೆಸಿದ ಹಾಗೆ, ಕೆಟ್ಟದ್ದನ್ನು ನೆನೆದು ಮಾಡುವ ಕೆಲಸ, ಅದಕ್ಕೆಂಥ ಮುಹೂರ್ತ ಎಂದಿತು ಒಂದು ಪಂಗಡ. ಇನ್ನೊಂದು, ಅಲ್ಲ, ಅದು ನೆಲದೊಳಗಿನ ಹಗೇವಿಗೆ ಜೋಳ ತುಂಬಿದ ಹಾಗೆ, ಲಕ್ಷ್ಮಿಯ ಕೆಲಸ ಎಂದಿತು. ಮೂರನೆಯ ಸಭೆಗೆ ಬಂದ ಜೋಯಿಸರು ಭಜಿ ಮುಗಿಸಿ ಕೈ ಒರೆಸಿಕೊಂಡು, ಕೂಡಿಡುವುದೆಲ್ಲ ಶುಭಕಾರ್ಯವೇ ಎಂದು ತೀರ್ಪು ಕೊಟ್ಟರು. ಕೇಳದಿದ್ದರೂ ಇನ್ನೊಂದು ಮಾತು ಸೇರಿಸಿದರು: ಭಾರದ ಪೆಟ್ಟಿಗೆ ನೈಋತ್ಯದಲ್ಲಿರಲಿ, ಹಗುರದ್ದು ಈಶಾನ್ಯದಲ್ಲಿರಲಿ. ಡೇಟಾದ ದೊಡ್ಡ ಕಪಾಟು ನೈಋತ್ಯಕ್ಕೆ ಹೋಯಿತು. ಲಾಗಿನ ಸಣ್ಣ ಪೆಟ್ಟಿಗೆ ಈಶಾನ್ಯದ ಮೂಲೆಯಲ್ಲಿ, ಗಣಪತಿಯ ಫೋಟೋದ ಕೆಳಗೆ ಕೂತಿತು. ಚೌಕದಲ್ಲಿ ಏಳೂ ದಿನದ ರಾಹುಕಾಲ ತುಂಬಿತು.

ಮಹಾನಂದಾ ಒಂದು ಸಲ ಆಕ್ಷೇಪಿಸಿದಳು. ಆಮೇಲೆ, ದಿನಕ್ಕೆ ಒಂದೂವರೆ ತಾಸು, ಅಷ್ಟರಲ್ಲಿ ಏನಾದೀತು ಎಂದುಕೊಂಡು ಒಂದು ಭಜಿ ತೆಗೆದುಕೊಂಡಳು. ಹೀಗೆ ಅಂದುಕೊಂಡವರಲ್ಲಿ ಅವಳೇನೂ ಮೊದಲನೆಯವಳಲ್ಲ.

ಆ ಸರ್ವರಿನಲ್ಲಿ ಇದ್ದದ್ದೇನು ಎಂಬುದನ್ನು ಹೇಳಬೇಕು. ಜನ ಬಹಳ ವರ್ಷ ಬದುಕುವುದನ್ನು ಕಲಿತಿದ್ದ ಕಾಲ ಅದು. ಮೈ ಉಳಿಯುತ್ತಿತ್ತು, ಹೆಸರುಗಳು ಹೋಗುತ್ತಿದ್ದವು. ಎಂಬತ್ತು ದಾಟಿದವರಲ್ಲಿ ಅರ್ಧದಷ್ಟು ಜನಕ್ಕೆ ಎದುರಿಗೆ ನಿಂತವರು ಯಾರೆಂದು ತಿಳಿಯುತ್ತಿರಲಿಲ್ಲ. ಅದಕ್ಕೆ ಬಂದದ್ದು ಕಿವಿಬಿಲ್ಲೆ. ಕಿವಿಯ ಹಿಂದೆ ಅಂಟಿಸಿಕೊಳ್ಳುವ ನಾಣ್ಯದಷ್ಟು ಅಗಲದ ಸಾಧನ, ಅದರ ಅಂಚಿನಲ್ಲಿ ಎಳ್ಳುಕಾಳಿನಂಥ ಕಣ್ಣು. ಮುಖ ಕಂಡರೆ ಕೇಂದ್ರವನ್ನು ಕೇಳುತ್ತದೆ. ಕೇಂದ್ರದ ಉತ್ತರವನ್ನು ತಲೆಯ ಎಲುಬಿಗೆ ಪಿಸುಗುಟ್ಟುತ್ತದೆ. “ಇವನು ನಿಮ್ಮ ತಂಗಿಯ ಮಗ ಬಸು. ಸಕ್ಕರೆ ಕಾಯಿಲೆ ಇದೆ, ಪೇಡೆ ಕೊಡಬೇಡಿ.” ಡೇಟಾಬೇಸಿನ ಒಂದು ಕೋಷ್ಟಕದಲ್ಲಿ ಮನುಷ್ಯರು, ಇನ್ನೊಂದರಲ್ಲಿ ಮನೆಗಳು, ಮತ್ತೊಂದರಲ್ಲಿ ಯಾರಿಗೆ ಯಾರು ಏನಾಗಬೇಕು ಎಂಬುದು. ಇವುಗಳ ನಡುವೆ ದಾರ ಎಳೆದ ಹಾಗೆ ಜೋಡಣೆ.

ಇದನ್ನು ಕಟ್ಟಿದ ಪರಸ್ಥಳದವರು ಇಬ್ಬರ ನಡುವೆ ಒಂದೇ ಸಂಬಂಧ ಇರುತ್ತದೆ ಎಂದು ನಂಬಿದ್ದರು. ಸೋದರಮಾವನನ್ನೇ ಮದುವೆಯಾದ ಅಜ್ಜಿಯೊಬ್ಬಳಿಗೆ ಬಿಲ್ಲೆ ಒಂದು ವಾರ ಗಂಡನನ್ನು ಬರೀ ಸೋದರಮಾವ ಎಂದು ಪರಿಚಯಿಸಿತು. ಆಕೆ ದಿನಾ ಸಂಜೆ, ಉಂಡು ಕತ್ತಲಾಗುವ ಮೊದಲು ಊರು ಸೇರಿಕೋ ಮಾಮಾ ಎಂದು ಅವರನ್ನು ಬಾಗಿಲ ತನಕ ಕಳಿಸಿ ಬರುತ್ತಿದ್ದಳು. ಅದನ್ನು ಮಹಾನಂದಾ ಸರಿಪಡಿಸಿದಳು. ಆಮೇಲೆ ಊರಿನವರೇ ಬಂದು ಇನ್ನೊಂದು ಕೋಷ್ಟಕ ಬೇಕೆಂದರು: ಮಾತು ಬಿಟ್ಟವರದು. ಮರೆತು ಮಾತಾಡಿಸಿಬಿಟ್ಟರೆ ಇಷ್ಟು ವರ್ಷದ ಮರ್ಯಾದೆ ಏನಾಗಬೇಕು? ವಾದದಲ್ಲಿ ಹುರುಳಿತ್ತು. ಕೋಷ್ಟಕ ಬಂತು. ಅದರಿಂದ ಒಂದು ಸಾಲು ಅಳಿಸಬೇಕಾದರೆ ಮಾತು ಬಿಟ್ಟ ಇಬ್ಬರೂ ಎದುರಾಬದುರು ಕೂತು ಬಾಯಿಬಿಟ್ಟು ಹೇಳಬೇಕು, ಮನೆಯವರೊಬ್ಬರ ಸಾಕ್ಷಿ ಬೇಕು ಎಂದು ನಿಯಮವಾಯಿತು.

ಆ ಕೋಷ್ಟಕದ ಒಂದು ಸಾಲು ಮಹಾನಂದಾಳ ಮನೆಯ ಪಡಸಾಲೆಯಲ್ಲಿ ವಾಸವಾಗಿತ್ತು. ಪಡಸಾಲೆಯ ಒಂದು ಬದಿಗೆ ಅವಳ ಮಾವ ಬಾಳಪ್ಪ ಕೊಣ್ಣೂರ, ಇನ್ನೊಂದು ಬದಿಗೆ ಅವಳ ತಂದೆ ಯಮನಪ್ಪ ಸೂಡಿ, ನಡುವೆ ನೀಲಿ ಪರದೆ. ಇಬ್ಬರೂ ಪೈಲವಾನರು. ಲಕ್ಷ್ಮೇಶ್ವರದ ಅಖಾಡದಲ್ಲಿ ಇಬ್ಬರೂ ಪ್ರಾಯದಲ್ಲಿ ಒಂದು ಕುಸ್ತಿ ಹಿಡಿದಿದ್ದರು. ಗೆದ್ದದ್ದು ತಾನೆಂದು ಬಾಳಪ್ಪ, ತನ್ನ ಬೆನ್ನು ಮಣ್ಣಿಗೆ ತಾಗಿರಲೇ ಇಲ್ಲ ಎಂದು ಯಮನಪ್ಪ. ಮಕ್ಕಳ ಮದುವೆಯನ್ನು ಹೆಂಗಸರು ಕೂಡಿ ಮುಗಿಸಿದರು. ಬೀಗರಿಬ್ಬರೂ ಹಂದರದ ಎರಡು ತುದಿಯಲ್ಲಿ ನಿಂತು ಅಕ್ಷತೆ ಎಸೆದರು. ಈಗ ಇಬ್ಬರ ಹೆಂಡಿರೂ ಇಲ್ಲ. ಇಬ್ಬರ ನೆನಪೂ ಇಲ್ಲ. ಜಗಳ ಮಾತ್ರ ಸರ್ವರಿನಲ್ಲಿ ಸುರಕ್ಷಿತವಾಗಿತ್ತು.

ದಿನಾ ಬೆಳಿಗ್ಗೆ ಒಂದೇ ಆಟ. ಪರದೆ ಸರಿಯುತ್ತದೆ. ಇಬ್ಬರು ಮುದುಕರು ಒಬ್ಬರನ್ನೊಬ್ಬರು ನೋಡಿ, ಯಾರೋ ನಮ್ಮ ಕಡೆಯವರೇ ಇರಬೇಕೆಂದು ನಗುತ್ತಾರೆ. ಬಿಲ್ಲೆ ಕೇಂದ್ರವನ್ನು ಕೇಳಿ ಬರುವಷ್ಟು ಹೊತ್ತು ಆ ನಗೆ ಇರುತ್ತದೆ. ಆಮೇಲೆ ಎರಡೂ ಕಿವಿಯಲ್ಲಿ ಪಿಸುಮಾತು: “ಇವರು ನಿಮ್ಮ ಬೀಗರು. ಮಾತಿಲ್ಲ.” ನಗೆ ಮುದುಡಿಕೊಳ್ಳುತ್ತದೆ. ಯಮನಪ್ಪ ಗೋಡೆಯ ಕಡೆ ತಿರುಗಿ ಕೂತು ಊಟ ಒಲ್ಲೆ ಎನ್ನುತ್ತಾನೆ. ಹಗೆಯ ಮನೆಯ ಅನ್ನ ಹೇಗೆ ಉಣ್ಣುವುದು? ಎರಡು ವರ್ಷದಲ್ಲಿ ಆತ ಅರ್ಧ ಆಗಿದ್ದ. ಡಾಕ್ಟರು ಕೊಳವೆ ಹಾಕಿ ಉಣಿಸುವ ಮಾತಾಡುತ್ತಿದ್ದರು.

ಒಂದು ಆಜ್ಞೆ ಟೈಪು ಮಾಡಿದರೆ ಆ ಸಾಲು ಹೋಗುತ್ತಿತ್ತು. ಮಹಾನಂದಾಳ ಬೆರಳು ಎಷ್ಟೋ ಸಲ ಅಲ್ಲಿಯವರೆಗೆ ಹೋಗಿ ಬಂದಿತ್ತು. ಆದರೆ ತನ್ನ ಮನೆಯ ಸಾಲು ಅಳಿಸಿದವಳು ನಾಳೆ ಯಾರ ಯಾರ ಮನೆಯದನ್ನು ಅಳಿಸಬೇಕಾದೀತು ಎಂಬುದೂ ಅವಳಿಗೆ ಗೊತ್ತಿತ್ತು. ಬಾಯಿಂದ ಹೇಳಿಸಲು ಅವಳೂ ಗಂಡ ಈರಣ್ಣನೂ ಮಾಡದ ಉಪಾಯವಿರಲಿಲ್ಲ. ಹಬ್ಬ ಆಯಿತು, ಹೋಳಿಗೆ ಆಯಿತು, ಸ್ವಾಮಿಗಳನ್ನು ಕರೆಸಿದ್ದಾಯಿತು. ಸ್ವಾಮಿಗಳ ಎದುರಿಗೆ ಇಬ್ಬರೂ ಕೈ ಮುಗಿದರು, ಬೇರೆ ಬೇರೆ ದಿಕ್ಕಿಗೆ.

ಆಷಾಢದ ಒಂದು ಶುಕ್ರವಾರ, ಕೇಂದ್ರದ ಯಂತ್ರಕೋಣೆಯಲ್ಲಿ ಮಹಾನಂದಾ ಒಬ್ಬಳೇ ಇದ್ದಳು. ಅದು ಹಿಂದೆ ಹತ್ತಿಯ ಗೋದಾಮು. ಈಗಲೂ ಮಳೆಗಾಲದಲ್ಲಿ ಗೋಡೆಯಿಂದ ಹತ್ತಿಬೀಜದ ವಾಸನೆ ಬರುತ್ತಿತ್ತು. ಕಪ್ಪತಗುಡ್ಡದ ಗಾಳಿಗಿರಣಿಗಳಿಂದ ಕೇಂದ್ರಕ್ಕೆ ವಿದ್ಯುತ್ತು. ಅವತ್ತು ಗಾಳಿ ತಲೆ ಕೆಟ್ಟವರ ಹಾಗೆ ಬೀಸುತ್ತಿತ್ತು. ಈರಣ್ಣನ ಫೋನು ಬಂತು. ಮನೆಗೆ ಹೊಂದಿಕೊಂಡೇ ಅವನ ಹಿಟ್ಟಿನ ಗಿರಣಿ. ಯಾವಾಗಲೂ ಗಿರಣಿಯ ಸದ್ದಿನ ಮೇಲೆ ಕೂಗಿ ಮಾತಾಡುವವನು ಅವತ್ತು ಗಿರಣಿ ನಿಲ್ಲಿಸಿ ಮಾತಾಡಿದ.

ಆದದ್ದಿಷ್ಟು. ಬಾಳಪ್ಪ ಅಂಗಳದ ಹಾಸುಗಲ್ಲಿನ ಮೇಲೆ ಕಾಲು ಜಾರಿದ. ಪಕ್ಕದಲ್ಲಿ ಕೂತಿದ್ದ ಯಮನಪ್ಪ, ಹಿಂದಿನ ದಿನವಷ್ಟೇ ಚಮಚ ಎತ್ತಲಾರೆ ಎಂದವನು, ಎದ್ದು ಹಿಡಿದ. ಬೀಳುವವನನ್ನು ಆತುಕೊಳ್ಳುವ ಹಿಡಿತವಲ್ಲ ಅದು, ಎದುರಾಳಿಯನ್ನು ಸೊಂಟಕ್ಕೆ ಕೈ ಹಾಕಿ ಎತ್ತುವ ಹಿಡಿತ. ಕಿವಿಯಲ್ಲಿ ಬಿಲ್ಲೆ ಮಾತಿಲ್ಲ, ಮಾತಿಲ್ಲ ಎನ್ನುತ್ತಲೇ ಇತ್ತು. ಬಾಳಪ್ಪ ಅದನ್ನು ಕೇಳಿಸಿಕೊಳ್ಳುವ ಸ್ಥಿತಿಯಲ್ಲಿರಲಿಲ್ಲ. ಅರ್ಧ ಗಾಳಿಯಲ್ಲೇ ನಿಂತು, “ಈ ಹಿಡಿತಾ ನನಗ ಗೊತ್ತೈತಿ,” ಎಂದ.

“ನಿನ್ನ ತೂಕಾನೂ ನನಗ ಗೊತ್ತೈತಿ,” ಎಂದ ಯಮನಪ್ಪ. “ಆಗಿನಷ್ಟ ಇಲ್ಲ ಬಿಡು.”

ಇಬ್ಬರೂ ಕಲ್ಲಿನ ಮೇಲೆ ಕೂತು ಉಬ್ಬಸ ಬರುವಂತೆ ನಕ್ಕರು. ಈರಣ್ಣ ಹಿಟ್ಟು ಮೆತ್ತಿದ ಕೈಯಲ್ಲೇ ಒಂದು ತಟ್ಟೆ ಚುರಮುರಿ ತಂದು ನಡುವೆ ಇಟ್ಟು, ಲಕ್ಷ್ಮೇಶ್ವರದಾಗ ಗೆದ್ದವರು ಯಾರು ಎಂದು ಮೆಲ್ಲಗೆ ಕೇಳಿದ. ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಬರೋಬರಿ, ಸಮಸಮ ಎಂದ ಬಾಳಪ್ಪ. ಬರೋಬರಿ ಎಂದ ಯಮನಪ್ಪ. ಮಾತು ಬಿಟ್ಟದ್ದನ್ನು ಅಳಿಸಬೇಕೇ ಎಂದು ಬಿಲ್ಲೆಗಳು ಕೇಳಿದವು. ಅಳಿಸು ಎಂದರು. ಸಾಕ್ಷಿಗೆ ಈರಣ್ಣ ತನ್ನ ಹೆಸರು ಹೇಳಿ, ಲಕ್ಷ್ಮೇಶ್ವರದ ಕುಸ್ತಿ ಬರೋಬರಿ ಎಂದೂ ಬರೆಸಿದ.

“ನಿಮ್ಮಪ್ಪ ಒಂದ ತಟ್ಟಿ ಖಾಲಿ ಮಾಡಿ ಇನ್ನೊಂದ ಕೇಳಾಕತ್ತಾನ,” ಎಂದ ಈರಣ್ಣ.

ಮಹಾನಂದಾ ಕೋಷ್ಟಕ ತೆರೆದು ನೋಡಿದಳು. ಸಾಲು ಇರಲಿಲ್ಲ. ಅಷ್ಟು ಚೆಂದದ ಇಲ್ಲದ ಸಾಲನ್ನು ಅವಳು ಎಂದೂ ಕಂಡಿರಲಿಲ್ಲ. ಆಮೇಲೆ ಗಡಿಯಾರ ನೋಡಿದಳು. ಶುಕ್ರವಾರದ ರಾಹುಕಾಲ ಅರ್ಧ ಕಳೆದಿತ್ತು. ಅದು ಸುರುವಾದಾಗಿನಿಂದ ಬ್ಯಾಕಪ್ಪು ಆಗಿರಲಿಲ್ಲ, ಮುಗಿಯುವ ತನಕ ಆಗುವಂತೆಯೂ ಇರಲಿಲ್ಲ. ಇದು ಅವಳ ಮನಸ್ಸಿಗೆ ಬರುವುದಕ್ಕೂ ಗುಡ್ಡದ ಮೇಲೆ ಗಾಳಿ ಒಮ್ಮೆಲೇ ನುಗ್ಗುವುದಕ್ಕೂ ಸರಿಹೋಯಿತು. ದೀಪಗಳು ಬೆಳ್ಳಗಾಗಿ ಉರಿದು ಆರಿದವು. ನೈಋತ್ಯದ ಕಪಾಟಿನಿಂದ, ಒಗ್ಗರಣೆಗೆ ಸಾಸಿವೆ ಬಿದ್ದಂಥ ಸದ್ದು, ಆಮೇಲೆ ಸುಟ್ಟ ವಾಸನೆ.

ಊರಿನ ಅಷ್ಟೂ ಬಿಲ್ಲೆಗಳು ಮೂಕವಾದವು. ಬಸ್ ನಿಲ್ದಾಣದಲ್ಲಿ ಮುದುಕಿಯೊಬ್ಬಳು ಕಂಡಕ್ಟರನ ಕೈ ಹಿಡಿದು ನೀನು ನನ್ನ ಮಗನೇನೋ ಎಂದಳು. ಅವನು ಒಂದು ಗಳಿಗೆ ಯೋಚಿಸಿ, ಹೂಂ ಅವ್ವಾ ಎಂದು ಕಿಟಕಿ ಬದಿಯ ಸೀಟು ಕೊಟ್ಟ. ನೆನಪು ನೆಟ್ಟಗಿದ್ದರೂ ಚುನಾವಣೆಯ ಅನುಕೂಲಕ್ಕೆಂದು ಬಿಲ್ಲೆ ಹಾಕಿಕೊಂಡಿದ್ದ ನಗರಸಭೆಯ ಸದಸ್ಯರೊಬ್ಬರು ಉದ್ಘಾಟನೆಯ ವೇದಿಕೆಯ ಮೇಲೆ ಎಲ್ಲರನ್ನೂ ಅಣ್ಣಾರ, ಅಣ್ಣಾರ ಎನ್ನುತ್ತ ಕೊನೆಗೆ ತಮ್ಮ ಹೆಂಡತಿಯನ್ನೂ ಹಾಗೆಯೇ ಸ್ವಾಗತಿಸಿದರು. ಎಲ್ಲ ಕಡೆ ಹೀಗೆ ನಗುವಂತೆ ಇರಲಿಲ್ಲ. ಆಸ್ಪತ್ರೆಯಲ್ಲಿ ಕೆಲವರು ಮಗಳ ಕೈಯಿಂದ ಮಾತ್ರೆ ತೆಗೆದುಕೊಳ್ಳಲು ಹೆದರಿ ಕೂತಿದ್ದರು.

ಅಂದಾನಪ್ಪ ಓಡಿ ಬಂದರು. ಮೇಲಿನ ಕಚೇರಿಯವರು ಅವರ ಫೋನಿನಲ್ಲಿ ಕೂತುಬಿಟ್ಟಿದ್ದರು. ಬದಲಿ ಕಪಾಟು ಇದೆಯಲ್ಲ, ಬ್ಯಾಕಪ್ಪು ಇದೆಯಲ್ಲ, ಈಗಿಂದೀಗ ಮರಳಿ ತುಂಬಿಸಿ ಎಂದು ಅವರ ಅಪ್ಪಣೆ. ಪರದೆಯ ಮೇಲೆ ಆ ಆಯ್ಕೆ ತಯಾರಾಗಿ ನಿಂತಿತ್ತು: ಹಳೆಯದರ ಮೇಲೆಯೇ ಬರೆ. ಅದಕ್ಕೆ ಇಬ್ಬರ ಗುಪ್ತಪದ ಬೇಕು, ಅರ್ಧ ಮಹಾನಂದಾಳದು, ಅರ್ಧ ಅಂದಾನಪ್ಪನವರದು.

ಅವಳು ಕೈ ಕಟ್ಟಿ ನಿಂತಳು. ಸುಟ್ಟದ್ದು ಡೇಟಾದ ಕಪಾಟು. ಲಾಗಿನ ಪೆಟ್ಟಿಗೆ ಈಶಾನ್ಯದಲ್ಲಿ ಬೇರೆ ತಂತಿಯ ಮೇಲೆ ಇದ್ದದ್ದರಿಂದ ಜೀವಂತವಾಗಿದೆ. ರಾಹುಕಾಲ ಸುರುವಾದಾಗಿನಿಂದ ಊರು ಬರೆಸಿದ್ದೆಲ್ಲ ಅದರ ತುದಿಯಲ್ಲಿದೆ. ಅದಕ್ಕೆ ಲಾಗಿನ ಬಾಲ ಎನ್ನುತ್ತಾರೆ. ಬಾಲವನ್ನು ಮೊದಲು ತೆಗೆದಿಟ್ಟು ಆಮೇಲೆ ತುಂಬಿಸಿದರೆ ಏನೂ ಹೋಗುವುದಿಲ್ಲ. ಈಗಲೇ ಮೇಲೆ ಬರೆದರೆ ಬಾಲ ಅಳಿಸಿಹೋಗುತ್ತದೆ. ತೆಗೆಯಲು ಅರ್ಧ ತಾಸು ಬೇಕು ಎಂದಳು.

ಫೋನು, ಅರ್ಧ ತಾಸು ಇಲ್ಲ ಎಂದಿತು. ಒಂದಿಷ್ಟು ಹೋದರೆ ಹೋಯಿತು, ಆನೆ ಬಂದರೆ ಸಾಕು, ಬಾಲದ ಚಿಂತೆ ಯಾಕೆ ಎಂದಿತು. ಅಂದಾನಪ್ಪ ಫೋನಿನ ಬಾಯಿಗೆ ಅಂಗೈ ಒತ್ತಿದರು.

“ಖರೇ ಹೇಳ್ರಿ ಮಹಾನಂದಾ. ಆ ಬಾಲದಾಗ ನಿಮ್ಮದೇನರೆ ಐತೇನು?”

“ಐತ್ರಿ,” ಎಂದಳು. “ನಮ್ಮಪ್ಪ, ನಮ್ಮ ಮಾವ ಇವತ್ತ ಮಾತಾಡ್ಯಾರ. ಅವರಿಗೆ ಇನ್ನೊಮ್ಮಿ ನೆನಪಾಗೂದಿಲ್ಲ. ಬಾಲ ಹೋದ್ರ ನಾಳೆ ಮುಂಜಾನೆ ಮತ್ತ ಹಗೀನ. ನಮ್ಮಪ್ಪ ಉಣ್ಣೂದಿಲ್ಲ.” ಗಣಪತಿಯ ಕೆಳಗಿನ ಪೆಟ್ಟಿಗೆ ತೋರಿಸಿದಳು. “ನಮ್ಮದೊಂದ ಅಲ್ರಿ. ಊರಿಂದು ಎಷ್ಟೈತೋ.”

ಅಂದಾನಪ್ಪನವರು ಒಳ್ಳೆಯ ಮನುಷ್ಯ, ಆದರೆ ಒಂದು ಕಡೆ ಮೇಲಿನ ಕಚೇರಿ, ಇನ್ನೊಂದು ಕಡೆ ಸೊರಗಿದ ಮುದುಕ, ಇವೆರಡರ ನಡುವೆ ಏನು ಮಾಡಬೇಕೆಂದು ಯಾವ ಸುತ್ತೋಲೆಯಲ್ಲೂ ಇರಲಿಲ್ಲ. ಆಗ ಮಹಾನಂದಾಳಿಗೆ ಮೂರು ಸಭೆಗಳು ನೆನಪಾದವು.

“ಸರ್, ಮರಳಿ ತುಂಬಿಸೂದು ಅಂದ್ರ ಶುಭಕಾರ್ಯ ಅಲ್ಲೇನ್ರಿ? ಹಗೇವಿನಿಂದ ಜೋಳ ಮನಿಗೆ ತಂದಂಗ.”

“ಹೌದು.”

“ರಾಹುಕಾಲ ಇನ್ನೂ ಮುಗದಿಲ್ರಿ.”

ಅಂದಾನಪ್ಪ ಗಡಿಯಾರ ನೋಡಿದರು. ಇಷ್ಟು ಹೊತ್ತು ಅದನ್ನು ಮರೆತಿದ್ದಕ್ಕೆ ಅವರ ಮುಖದಲ್ಲಿ ನಾಚಿಕೆ ಕಂಡಿತು. ಹಾಗಾದರೆ ಬಾಲ ತೆಗೆಯುವುದು ಮಾತ್ರ ಹೇಗೆ ಎಂದು ಕೇಳಿದರು; ಅದೂ ಬ್ಯಾಕಪ್ಪೇ ಅಲ್ಲವೇ?

“ಇದು ಕೂಡಿಡೂದಲ್ರಿ. ಹೋದವರ ಮೈಮ್ಯಾಲಿನ ಒಡವಿ ಬಿಚ್ಚಿದಂಗ. ಅದಕ್ಕ ಯಾರರೆ ಮುಹೂರ್ತ ಕೇಳ್ತಾರೇನ್ರಿ?”

ಯಾರೂ ಕೇಳುವುದಿಲ್ಲ. ಇದು ಶಾಸ್ತ್ರಕ್ಕೂ ಸರಿ, ಲೋಕಕ್ಕೂ ಸರಿ. ಅಂದಾನಪ್ಪ ಅಂಗೈ ತೆಗೆದು, ತಾಂತ್ರಿಕ ಕಾರಣಗಳಿಂದ ಮಧ್ಯಾಹ್ನದವರೆಗೆ ಮರಳಿ ತುಂಬಿಸಲು ಬರುವುದಿಲ್ಲ ಎಂದು ಮೇಲಿನ ಕಚೇರಿಗೆ ಗಂಭೀರವಾಗಿ ತಿಳಿಸಿದರು. ಯಾವ ತಾಂತ್ರಿಕ ಕಾರಣ ಎಂದು ಅವರು ಕೇಳಿದಾಗ, ವಿವರಿಸಿದರೆ ನಿಮಗೆ ತಿಳಿಯುವುದಿಲ್ಲ ಎಂದರು. ಅದೂ ನಿಜವೇ.

ಬಾಲ ಬಂತು. ಗಣಪತಿಯ ಕೆಳಗಿನ ಪೆಟ್ಟಿಗೆ ಒಂದು ಸಲ ಉಸಿರು ಕಟ್ಟಿದ ಹಾಗೆ ನಿಂತು, ಮತ್ತೆ ಹೊರಟು, ಮುಗಿಸಿತು. ಅದು ಸರಿಯಾಗಿ ಬಂದಿದೆಯೇ ಎಂದು ಪರೀಕ್ಷಿಸುವ ಆಯ್ಕೆಯನ್ನೂ ಮಹಾನಂದಾ ಒತ್ತಿದಳು. ಆ ಆಯ್ಕೆಯನ್ನು ಎಲ್ಲರೂ ಸಮಯ ಉಳಿಸಲೆಂದು ಬಿಡುತ್ತಾರೆ. ಆಮೇಲೆ ರಾಹುಕಾಲ ಕಳೆದ ಮೇಲೆ, ಅಂದಾನಪ್ಪನವರು ಊದಿನಕಡ್ಡಿ ಹಚ್ಚಿದ ಮೇಲೆ, ಬದಲಿ ಕಪಾಟಿಗೆ ತುಂಬಿಸುವುದು ಸುರುವಾಯಿತು. ಮೊದಲು ವಾರದ ಪ್ರತಿ, ಅದರ ಮೇಲೆ ನಸುಕಿನದು, ಅದರ ಮೇಲೆ ಬೆಳಗಿನ ಲಾಗುಗಳು ಒಂದಾದ ಮೇಲೊಂದು. ಪ್ರತಿ ಹೆಜ್ಜೆಗೂ, ‘ಸರ್ವರನ್ನು ಈಗ ತೆರೆಯಬೇಕೇ' ಎಂದು ಪರದೆ ಕೇಳುತ್ತಿತ್ತು. ಪ್ರತಿ ಸಲವೂ ಅವಳು ಬೇಡ ಎಂದಳು. ಒಮ್ಮೆ ತೆರೆದರೆ ಮುಗಿಯಿತು, ಮುಂದಿನದನ್ನು ಅದು ಒಳಗೆ ಬಿಟ್ಟುಕೊಳ್ಳುವುದಿಲ್ಲ; ಹದ ಬರುವ ಮೊದಲು ಕಡುಬಿನ ಪಾತ್ರೆಯ ಮುಚ್ಚಳ ತೆಗೆದ ಹಾಗೆ. ಬೇಗ ತೆರೆಯಿರಿ ಎಂದು ಫೋನು ಕೂಗುತ್ತಲೇ ಇತ್ತು. ಅಂದಾನಪ್ಪ ಅದನ್ನು ಮೇಜಿನ ಮೇಲೆ ಬೋರಲು ಹಾಕಿದರು.

ನಡುವೆ ಅವಳು ಮನೆಗೆ ಫೋನು ಮಾಡಿದಳು. ಬಿಲ್ಲೆ ಸತ್ತದ್ದು ಇಬ್ಬರಿಗೂ ಗೊತ್ತಾಗಿಲ್ಲ ಎಂದ ಈರಣ್ಣ. ಈಗ ಅವರಿಗೆ ಒಬ್ಬರಿಗೊಬ್ಬರು ಯಾರೆಂದೇ ತಿಳಿಯದು. ಅಂಗಳದಲ್ಲಿ ಕೂತು, ಇವರು ಯಾರ ಮನೆಗೆ ಬಂದ ಬೀಗರು ಎಂದು ಇಬ್ಬರೂ ಬೇರೆ ಬೇರೆಯಾಗಿ ಅವನನ್ನು ಕೇಳಿದರಂತೆ. ನಿಮ್ಮ ಮನೆಗೇ ಎಂದು ಅವನು ಇಬ್ಬರಿಗೂ ಹೇಳಿದನಂತೆ. ಕೊನೆಯದಾಗಿ ಬಾಲ ಕೂಡಿಸಿ, ದೀಪ ಹಚ್ಚುವ ಹೊತ್ತಿಗೆ ಮಹಾನಂದಾ ತೆರೆ ಎಂದಳು. ಬಿಲ್ಲೆಗಳು ಊರ ತುಂಬ ಮತ್ತೆ ಪಿಸುಗುಟ್ಟತೊಡಗಿದವು. ಅವಳು ಮನೆಗೆ ಬರುವಷ್ಟರಲ್ಲಿ ಮುದುಕರಿಬ್ಬರೂ ನಿದ್ದೆ ಹೋಗಿದ್ದರು.

ಮರುದಿನ ಬೆಳಿಗ್ಗೆ ಅವಳು ಅಡುಗೆಮನೆಯ ಬಾಗಿಲಲ್ಲಿ ನಿಂತಳು. ಪರದೆ ಸರಿಯಿತು. ಇಬ್ಬರೂ ನೋಡಿದರು, ಯಾರೋ ನಮ್ಮ ಕಡೆಯವರೆಂದು ನಕ್ಕರು. ಬಿಲ್ಲೆ ಕೇಂದ್ರವನ್ನು ಕೇಳಿ ಬರುವ ಹೊತ್ತು ಅದು.

ಬಾಳಪ್ಪ ಕಿವಿ ತುರಿಸಿಕೊಂಡ. ನಗೆ ಇದ್ದಲ್ಲೇ ಇತ್ತು.

“ಲಕ್ಷ್ಮೇಶ್ವರದ್ದು ಬರೋಬರಿ ಅಂತ ಹೇಳತೈತಿ ಇದು,” ಎಂದ.

“ಬರೋಬರಿ ಅಂತ ಯಾವ ಮಗಾ ಅಂದಾಂವ?” ಎಂದ ಯಮನಪ್ಪ. “ನನ್ನ ಬೆನ್ನ ಎಲ್ಲಿ ತಾಗಿತ್ತು?”

“ತಾಗಿತ್ತೋ ಮಾರಾಯಾ.”

“ನೋಡೂಣು, ಅವಲಕ್ಕಿ ತಿಂದು ಹಿಡಿಯೂಣು ಬಾ.”

ತಿಂದರು, ಹಿಡಿಯಲಿಲ್ಲ. ಮಧ್ಯಾಹ್ನದ ತನಕ ಮಾತೇ ಮುಗಿಯಲಿಲ್ಲ.

ಮುಂದಿನ ಸಭೆಯಲ್ಲಿ ಅಂದಾನಪ್ಪನವರೇ ಚೌಕದ ವಿಷಯ ಎತ್ತಿದರು. ಪೆಟ್ಟಿಗೆಯನ್ನು ಈಶಾನ್ಯಕ್ಕೆ ಇಡಿಸಿದ್ದು ತಾವೆಂದು ಜೋಯಿಸರು ನೆನಪಿಸಿದರು, ರಾಹುಕಾಲದ ಚೌಕ ತುಂಬಿಸಿದ್ದೂ ಅವರೇ ಎಂದು ಮಹಾನಂದಾ ನೆನಪಿಸಿದಳು, ಲೆಕ್ಕ ಬರೋಬರಿಯಾಯಿತು. ಚೌಕವನ್ನು ಖಾಲಿ ಮಾಡುವುದಕ್ಕೆ ಜೋಯಿಸರು ಒಳ್ಳೆಯ ಮುಹೂರ್ತ ಇಟ್ಟುಕೊಟ್ಟರು.

ಈಗ ಗದಗಿನಲ್ಲಿ ರಾಹುಕಾಲದಲ್ಲೂ ಬ್ಯಾಕಪ್ಪು ಆಗುತ್ತದೆ. ಕೊಣ್ಣೂರರ ಮನೆಯ ನೀಲಿ ಪರದೆಯನ್ನು ಬಿಚ್ಚಿ, ಹಿಟ್ಟು ಹಾರದಂತೆ ಗಿರಣಿಯ ಬಾಗಿಲಿಗೆ ಕಟ್ಟಿದ್ದಾರೆ.